ಐವತ್ತರ ನಂತರ ಕೆಲಸ ಹೋದರೆ: ರಾಜೀನಾಮೆ ಪತ್ರದಿಂದ ಪಿಂಚಣಿ ಅರ್ಜಿಯವರೆಗೆ, ಯಾವುದು ಮೊದಲು ಯಾವುದು ಆಮೇಲೆ

ತಿಂಗಳಿಗೆ ಇಬ್ಬರೋ ಮೂವರೋ ಫೈಲ್ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಪೀಣ್ಯದವರು, ಬೊಮ್ಮಸಂದ್ರದವರು, ಈಗೀಗ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್‌ನವರೂ. ಎಲ್ಲರಿಗೂ ಐವತ್ತು ದಾಟಿದೆ. ಫೈಲ್ ಬಿಚ್ಚಿದರೆ ಕಾಣುವ ತಪ್ಪೂ ಹೆಚ್ಚುಕಡಿಮೆ ಒಂದೇ. ಮೊದಲ ದಿನವೇ ರಾಜೀನಾಮೆಗೆ ಸಹಿ, ಮೂರನೇ ತಿಂಗಳಿಗೆ ಪಿಎಫ್ ಖಾಲಿ, ಆರನೇ ತಿಂಗಳಿಗೆ ಆಸ್ಪತ್ರೆ ಬಿಲ್ಲು. ಅಷ್ಟು ಹೊತ್ತಿಗೆ "ಇನ್ನೇನು, ರಿಟೈರ್ ಆದೆ ಅಂದುಕೊಂಡರಾಯಿತು" ಅನ್ನುತ್ತಾರೆ.

ಕೆಲಸ ಹೋಗುವುದು ಬೇರೆ, ನಿವೃತ್ತಿ ಬೇರೆ. ಮೊದಲನೆಯದನ್ನು ಕಂಪನಿ ಮಾಡುತ್ತದೆ. ಎರಡನೆಯದನ್ನು ನೀವು ಕೂತು ಲೆಕ್ಕ ಹಾಕಿ ಮಾಡಬೇಕು. ಎರಡನ್ನೂ ಒಂದೇ ವಾರದಲ್ಲಿ ಮುಗಿಸಲು ಹೋದವರು ದುಡ್ಡು ಕಳೆದುಕೊಂಡಿದ್ದಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇದು ಖಾಸಗಿ ಕಂಪನಿಯಲ್ಲಿ ಪಿಎಫ್ ಇದ್ದು ಕೆಲಸ ಮಾಡಿದವರಿಗಾಗಿ ಬರೆದದ್ದು.

ಕೈಯಲ್ಲಿ ಇರಬೇಕಾದ್ದು

ಒಂದು ಗಟ್ಟಿ ಫೈಲ್ ತನ್ನಿ. ನೇಮಕಾತಿ ಪತ್ರ, ಕೊನೆಯ 12 ತಿಂಗಳ ಪೇ ಸ್ಲಿಪ್, ಫಾರ್ಮ್ 16 (ಸಂಬಳ ಮತ್ತು ಹಿಡಿದ ತೆರಿಗೆಯ ಪ್ರಮಾಣಪತ್ರ), ಸಂಬಳ ಏರಿಕೆಯ ಪತ್ರಗಳು, ರಜೆ ಬಾಕಿಯ ಲೆಕ್ಕ, ಯುಎಎನ್ ಸಂಖ್ಯೆ (ಎಲ್ಲ ಕಂಪನಿಗಳ ಪಿಎಫ್ ಖಾತೆಗೂ ಸೇರಿ ಇರುವ ಒಂದೇ ಸಂಖ್ಯೆ), ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಕಂಪನಿಯ ಆರೋಗ್ಯ ವಿಮೆ ಕಾರ್ಡ್. ಹಳೆಯ ಕಂಪನಿಗಳ ಪಿಎಫ್ ಖಾತೆ ಸಂಖ್ಯೆ ಇದ್ದರೆ ಅದೂ ಬೇಕು.

ಇನ್ನೊಂದು ಮುಖ್ಯ. ಯುಎಎನ್‌ಗೆ ಮತ್ತು ಆಧಾರ್‌ಗೆ ಕೊಟ್ಟಿರುವ ಮೊಬೈಲ್ ನಂಬರ್ ನಿಮ್ಮ ಸ್ವಂತದ್ದೇ ಇರಬೇಕು. ಕಂಪನಿ ಕೊಟ್ಟ ಸಿಮ್ ಅಲ್ಲಿದ್ದರೆ, ಅದನ್ನು ವಾಪಸ್ ಕೊಟ್ಟ ದಿನದಿಂದ ಒಂದು ಒಟಿಪಿಯೂ ನಿಮಗೆ ಬರುವುದಿಲ್ಲ. ಮೊದಲು ಇದನ್ನು ಬದಲಾಯಿಸಿ.

ಹಂತ 1: ಸುಳಿವು ಕಂಡಾಗಲೇ ದಾಖಲೆ ಮನೆಗೆ ತನ್ನಿ

ಕೆಲಸ ಹೋಗುವುದು ಸಾಮಾನ್ಯವಾಗಿ ಹೇಳದೆ ಬರುವುದಿಲ್ಲ. ಹತ್ತು ವರ್ಷ ಒಳ್ಳೆಯ ರೇಟಿಂಗ್ ಕೊಟ್ಟವರು ಇದ್ದಕ್ಕಿದ್ದಂತೆ ಕಳಪೆ ಅನ್ನುತ್ತಾರೆ. ನಿಮ್ಮ ಕೆಲಸವನ್ನೆಲ್ಲ ಒಬ್ಬ ಹುಡುಗನಿಗೆ ಕಲಿಸಿಕೊಡಿ ಅನ್ನುತ್ತಾರೆ. ದೂರದ ಊರಿಗೆ ವರ್ಗ ಮಾಡುತ್ತಾರೆ. ಸಂಬಳ ಒಂದನೇ ತಾರೀಕಿನಿಂದ ಹತ್ತಕ್ಕೆ, ಹತ್ತರಿಂದ ಇಪ್ಪತ್ತಕ್ಕೆ ಜಾರುತ್ತದೆ.

ಎಲ್ಲಕ್ಕಿಂತ ಅಪಾಯದ ಸುಳಿವು ಪಿಎಫ್ ಪಾಸ್‌ಬುಕ್‌ನಲ್ಲಿರುತ್ತದೆ. ಪೇ ಸ್ಲಿಪ್‌ನಲ್ಲಿ ಪಿಎಫ್ ಕಡಿತವಾಗಿದ್ದು, ಪಾಸ್‌ಬುಕ್‌ಗೆ ಎರಡು ಮೂರು ತಿಂಗಳಿಂದ ಜಮೆಯಾಗಿಲ್ಲ ಅಂದರೆ ಕಂಪನಿಯ ಕೈಯಲ್ಲಿ ದುಡ್ಡಿಲ್ಲ ಅಂತಲೇ ಅರ್ಥ. ನೋಂದಾಯಿತ ಮೊಬೈಲ್‌ನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮೆ ಮತ್ತು ಬಾಕಿ ಎಸ್‌ಎಂಎಸ್‌ನಲ್ಲಿ ಬರುತ್ತದೆ. ತಿಂಗಳಿಗೊಮ್ಮೆ ಕೊಡಿ.

ಪೇ ಸ್ಲಿಪ್‌ಗಳು ಕಂಪನಿಯ ಪೋರ್ಟಲ್‌ನಲ್ಲೇ ಇದ್ದರೆ ಇವತ್ತೇ ಡೌನ್‌ಲೋಡ್ ಮಾಡಿ. ಲಾಗಿನ್ ಮುಚ್ಚಿದ ಮೇಲೆ ಅವು ಸಿಗುವುದು ಬಹಳ ಕಷ್ಟ.

ಹಂತ 2: ಕರೆದು ಕೂರಿಸಿದ ದಿನ ಸಹಿ ಹಾಕಬೇಡಿ

ಇಲ್ಲಿ ನಾನೇ ಎಡವಿದ್ದು. ಆಗ ನನಗೆ 53. ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷ ದುಡಿದಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಎಚ್‌ಆರ್ ಕೋಣೆಗೆ ಕರೆದರು. ಟೈಪ್ ಮಾಡಿದ ಪತ್ರ ಸಿದ್ಧವಿತ್ತು. "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ" ಅಂತ ಅದರಲ್ಲಿತ್ತು. ಅರ್ಧ ಗಂಟೆಯಲ್ಲಿ ಸಹಿ ಹಾಕಿ ಹೊರಗೆ ಬಂದೆ. ಎರಡು ತಿಂಗಳ ಸಂಬಳ ಕೊಟ್ಟರು. ದೊಡ್ಡ ಮನಸ್ಸು ಅಂದುಕೊಂಡೆ.

ಆಮೇಲೆ ಲೆಕ್ಕ ಹಾಕಿದೆ. ಕಂಪನಿ ತಾನಾಗಿ ಸಿಬ್ಬಂದಿ ಕಡಿತ ಮಾಡಿದರೆ, ಒಂದು ವರ್ಷಕ್ಕಿಂತ ಹೆಚ್ಚು ದುಡಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಅದರ ಮೇಲೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. 22 ವರ್ಷಕ್ಕೆ 330 ದಿನ, ಅಂದರೆ ಹತ್ತಿರ ಹತ್ತಿರ 11 ತಿಂಗಳ ಸಂಬಳ. ಇದು ಗ್ರಾಚ್ಯುಟಿ (ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಅಲ್ಲ, ಗ್ರಾಚ್ಯುಟಿಯ ಜೊತೆಗೆ ಬರಬೇಕಾದ ಹಣ. "ವೈಯಕ್ತಿಕ ಕಾರಣ" ಅನ್ನುವ ಎರಡು ಪದದಿಂದ ಅದು ನನ್ನ ಕೈ ತಪ್ಪಿತು.

ಹಾಗಾಗಿ ಆ ಕೋಣೆಯಲ್ಲಿ ಹೇಳಬೇಕಾದ್ದು ಇಷ್ಟೇ: "ಪತ್ರದ ಪ್ರತಿ ಕೊಡಿ ಸರ್, ಮನೆಯಲ್ಲಿ ಓದಿ ನಾಳೆ ಹೇಳುತ್ತೇನೆ." ಕೂಗಾಡಬೇಡಿ, ಬೇಡಿಕೊಳ್ಳಲೂಬೇಡಿ. ಅಂದು ಸಂಜೆಯೇ ನಿಮ್ಮ ಸ್ವಂತ ಇಮೇಲ್‌ನಿಂದ ಅವರಿಗೆ ಬರೆಯಿರಿ. ಇಂತಿಷ್ಟು ಗಂಟೆಗೆ ಕರೆದಿರಿ, ರಾಜೀನಾಮೆ ಕೇಳಿದಿರಿ, ಕಾರಣ ಇದು ಎಂದಿರಿ ಅಂತ ನಾಲ್ಕು ಸಾಲು ಸಾಕು. ಒತ್ತಡದಲ್ಲಿ ಸಹಿ ಹಾಕಿಬಿಟ್ಟಿದ್ದರೂ ಅದೇ ದಿನ ಹಾಗೆಂದು ಬರೆದಿಡಿ. ಮೂರು ತಿಂಗಳು ಬಿಟ್ಟು ಹೇಳಿದರೆ ಅದಕ್ಕೆ ತೂಕ ಇರುವುದಿಲ್ಲ.

ಈ ಪರಿಹಾರ ಎಲ್ಲರಿಗೂ ಅನ್ವಯಿಸುವುದಿಲ್ಲ, ನೆನಪಿರಲಿ. ಮ್ಯಾನೇಜರ್ ಕೆಲಸ ಮಾಡುವವರು, 18,000 ರೂಪಾಯಿಗಿಂತ ಹೆಚ್ಚು ಸಂಬಳದ ಸೂಪರ್‌ವೈಸರ್‌ಗಳು ಕಾನೂನಿನ ಪ್ರಕಾರ ಕಾರ್ಮಿಕರಲ್ಲ. ಅವರು ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ ಹಿಡಿದು ಮಾತಾಡಬೇಕು. ಆದರೆ ಹೆಸರಿಗೆ ಮ್ಯಾನೇಜರ್ ಅಂತಿದ್ದು, ದಿನವಿಡೀ ಗುಮಾಸ್ತರ ಕೆಲಸವನ್ನೇ ಮಾಡಿದ್ದರೆ ನೋಡಬೇಕಾದ್ದು ಕೆಲಸವನ್ನು. ಅಂಥವರು ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ವಿಚಾರಿಸಲೇಬೇಕು. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಉಳಿದವರಿಗೆ ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿ.

ವಯಸ್ಸಾದವರಿಗೆ ಇನ್ನೊಂದು ಆಸರೆಯೂ ಇದೆ. ಒಂದೇ ವರ್ಗದ ಕಾರ್ಮಿಕರಲ್ಲಿ ಕಡಿತ ಮಾಡುವಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎನ್ನುವುದು ನಿಯಮ. ಮೀರಿದರೆ ಕಂಪನಿ ಕಾರಣ ದಾಖಲಿಸಬೇಕು. "ನಿಮಗೆ ಹೇಗೂ ವಯಸ್ಸಾಯ್ತಲ್ಲ" ಅನ್ನುವುದು ಕಾರಣವಲ್ಲ.

ಮನೆಯಲ್ಲಿ ಅವತ್ತೇ ಹೇಳಿ. ಟಿಫನ್ ಬಾಕ್ಸ್ ಹಿಡಿದು ಬೆಳಿಗ್ಗೆ ಹೊರಟು ಸಂಜೆ ಬರುವುದನ್ನು ಎರಡು ತಿಂಗಳು ನಡೆಸಿದವರನ್ನು ಬಲ್ಲೆ. ಪಾಪ, ಅವರ ನೋವು ಅರ್ಥವಾಗುತ್ತದೆ. ಆದರೆ ಮುಂದಿನ ಹಂತಗಳಲ್ಲಿ ಹೆಂಡತಿಯ ಅಥವಾ ಗಂಡನ ಸಹಾಯ, ಸಹಿ ಎರಡೂ ಬೇಕು.

ಹಂತ 3: ಆರೋಗ್ಯ ವಿಮೆ, ಕೊನೆಯ ದಿನಕ್ಕೆ ಮೊದಲು

ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆ. ಕೆಲಸದಲ್ಲಿ ಇರುವಾಗಲೇ ಬರೆದು ಕೇಳಿ. ಹೀಗೆ ಬದಲಾದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಬಿಟ್ಟು ಹೊಸದಾಗಿ ಮಾಡಿಸಿದರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟರಮಟ್ಟಿಗೆ ಕಂತು ಹಗುರ.

ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. ಏಜೆಂಟ್ "ಹಾಕೋದು ಬೇಡ ಬಿಡಿ" ಅಂದರೂ ಬರೆಯಿರಿ. ಕ್ಲೇಮ್ ತಿರಸ್ಕಾರವಾದಾಗ ಆಸ್ಪತ್ರೆಯಲ್ಲಿ ಇರುವವರು ನೀವು, ಅವರಲ್ಲ.

ಇಎಸ್‌ಐ, ಅಂದರೆ ಕಡಿಮೆ ಸಂಬಳದ ನೌಕರರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಇದ್ದವರಿಗೆ ಎರಡು ವಿಷಯ ತಿಳಿದಿರಲಿ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತಿ ವಯಸ್ಸಿಗೆ ಹೊರಬಂದವರು, ವಿಆರ್‌ಎಸ್ (ಸ್ವಯಂ ನಿವೃತ್ತಿ) ಅಥವಾ ಅವಧಿಗೆ ಮೊದಲೇ ನಿವೃತ್ತಿ ಪಡೆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಇದು ಗೊತ್ತಿಲ್ಲದೆ ಖಾಸಗಿ ಆಸ್ಪತ್ರೆಗೆ ಸುರಿಯುವವರು ಎಷ್ಟೋ ಜನ. ಇನ್ನೊಂದು, ಕೆಲಸ ಕಳೆದುಕೊಂಡವರಿಗೆ 90 ದಿನದವರೆಗೆ ಸರಾಸರಿ ದಿನಗೂಲಿಯ ಅರ್ಧ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಅದನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಹತ್ತಿರದ ಇಎಸ್‌ಐ ಶಾಖೆಯಲ್ಲಿ ಈಗ ಚಾಲ್ತಿಯಲ್ಲಿದೆಯೇ ಕೇಳಿ.

ಹಂತ 4: ಸೆಟ್ಲ್‌ಮೆಂಟ್ ಲೆಕ್ಕ ನೀವೇ ಹಾಕಿ

ಕಂಪನಿ ಕೊಡುವ ಹಾಳೆ ಬರುವ ಮೊದಲೇ ನಿಮ್ಮದೊಂದು ಹಾಳೆ ಸಿದ್ಧವಿರಲಿ. ಬಾಕಿ ಸಂಬಳ, ನೋಟಿಸ್ ಸಂಬಳ, ಉಳಿದ ರಜೆಯ ಹಣ, ಬೋನಸ್, ಕಡಿತದ ಪರಿಹಾರ, ಗ್ರಾಚ್ಯುಟಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ.

ಗ್ರಾಚ್ಯುಟಿ ಲೆಕ್ಕ ಸುಲಭ. ಕೊನೆಯ ಸಂಬಳದ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷದಿಂದ ಗುಣಿಸಿ. 40,000 ರೂಪಾಯಿ, 22 ವರ್ಷ ಅಂದರೆ ಸುಮಾರು 5 ಲಕ್ಷ 8 ಸಾವಿರ. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದೂ ಪೂರ್ತಿ ವರ್ಷ. ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನೂ ವೇತನಕ್ಕೆ ಸೇರಿಸಬೇಕು. ಮೂಲ ವೇತನ ತೀರಾ ಕಡಿಮೆ ಇಟ್ಟು ಉಳಿದದ್ದನ್ನೆಲ್ಲ ಭತ್ಯೆ ಅಂತ ತೋರಿಸಿದ ಕಂಪನಿಯಲ್ಲಿ ಇದ್ದವರು ಇದನ್ನು ಬಿಡಬೇಡಿ.

ತೆರಿಗೆ ವಿನಾಯಿತಿ ಮಿತಿಗಳನ್ನೂ ಬರೆದುಕೊಳ್ಳಿ. ಗ್ರಾಚ್ಯುಟಿಗೆ 20 ಲಕ್ಷ, ರಜೆಯ ಹಣಕ್ಕೆ 25 ಲಕ್ಷ, ಕಡಿತದ ಪರಿಹಾರಕ್ಕೆ 5 ಲಕ್ಷ. ಎಲ್ಲವನ್ನೂ ಒಟ್ಟಿಗೆ "ಎಕ್ಸ್‌ಗ್ರೇಷಿಯಾ" (ಕಂಪನಿ ತಾನಾಗಿ ಕೊಟ್ಟ ಹಣ) ಅಂತ ಒಂದೇ ಸಾಲಿನಲ್ಲಿ ತೋರಿಸಿದರೆ ಸುಮ್ನೆ ತೆರಿಗೆ ಕಟ್ಟಬೇಕಾಗುತ್ತದೆ. ಬಿಡಿಬಿಡಿಯಾಗಿ ತೋರಿಸಲು ಕೇಳಿ.

"ಎಲ್ಲ ಬಾಕಿ ಸಂದಿದೆ, ಇನ್ನು ಯಾವ ಹಕ್ಕೂ ಇಲ್ಲ" ಅನ್ನುವ ಪತ್ರಕ್ಕೆ ಹಣ ಬ್ಯಾಂಕಿಗೆ ಬರುವ ಮೊದಲು ಸಹಿ ಹಾಕಬೇಡಿ. ರಿಲೀವಿಂಗ್ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಸರಿಯಾಗಿರಲಿ. 55 ದಾಟಿದವರು ನಿವೃತ್ತಿ ಮತ್ತು ಪಡೆದ ಹಣದ ವಿವರ ಇರುವ ಪ್ರಮಾಣಪತ್ರವನ್ನೂ ಕೇಳಿ ತೆಗೆದುಕೊಳ್ಳಿ. ಹಂತ 8ರಲ್ಲಿ ಬೇಕಾಗುತ್ತದೆ.

ಹಂತ 5: ಪಿಎಫ್ ಮುಟ್ಟಬೇಡಿ, ದಾಖಲೆ ಮಾತ್ರ ಸರಿಮಾಡಿ

ಎರಡನೇ ದೊಡ್ಡ ತಪ್ಪು ನಡೆಯುವುದು ಇಲ್ಲಿ. ಕೆಲಸ ಹೋದ ಕೂಡಲೇ ಸೈಬರ್ ಸೆಂಟರ್‌ಗೆ ಹೋಗಿ ಫಾರ್ಮ್ 19 ಮತ್ತು 10ಸಿ ಎರಡೂ ಒಟ್ಟಿಗೆ ಹಾಕಿಸುತ್ತಾರೆ. ಫಾರ್ಮ್ 19 ಪಿಎಫ್ ಹಣಕ್ಕೆ. 10ಸಿ ಪಿಎಫ್ ಜೊತೆಗೇ ಇರುವ ಪಿಂಚಣಿ ನಿಧಿಗೆ. ಪಿಂಚಣಿಗೆ ಒಟ್ಟು 10 ವರ್ಷ ಸೇವೆ ಬೇಕು. ನಿಮ್ಮದು ಎಂಟೂವರೆ ವರ್ಷವಾಗಿದ್ದು 10ಸಿಯಲ್ಲಿ ಹಣ ತೆಗೆದರೆ ಆ ಎಂಟೂವರೆ ವರ್ಷ ಅಲ್ಲಿಗೆ ಅಳಿಸಿಹೋಗುತ್ತದೆ. ಹಣದ ಬದಲು ಅದೇ ಫಾರ್ಮ್‌ನಲ್ಲಿ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಆ ವರ್ಷಗಳನ್ನು ಉಳಿಸಿಡುವ ಪ್ರಮಾಣಪತ್ರ, ಕೇಳಿ. ಮುಂದೆ ಒಂದೂವರೆ ವರ್ಷ ಎಲ್ಲಾದರೂ ಪಿಎಫ್ ಇರುವ ಕೆಲಸ ಮಾಡಿದರೆ ಸಾಕು, ಜೀವನಪೂರ್ತಿ ಪಿಂಚಣಿ.

ಈಗ ಮಾಡಬೇಕಾದ್ದು ಇದು. ಪಿಎಫ್ ಪೋರ್ಟಲ್‌ನಲ್ಲಿ ಸೇವಾ ವಿವರ ತೆರೆಯಿರಿ. ಹಳೆಯ ಕಂಪನಿಗಳೆಲ್ಲ ಒಂದೇ ಯುಎಎನ್‌ನಲ್ಲಿ ಇವೆಯೇ ನೋಡಿ, ಇಲ್ಲದಿದ್ದರೆ ವರ್ಗಾವಣೆ ಅರ್ಜಿ ಹಾಕಿ. ಆಧಾರ್‌ನಲ್ಲಿರುವ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಪಿಎಫ್ ದಾಖಲೆಗೆ ಹೊಂದಬೇಕು. ನಮ್ಮಲ್ಲಿ ಇನಿಷಿಯಲ್‌ನದ್ದೇ ತಲೆನೋವು. ಒಂದು ಕಡೆ ಊರಿನ ಹೆಸರು ಬಿಡಿಸಿ ಬರೆದಿರುತ್ತಾರೆ, ಇನ್ನೊಂದು ಕಡೆ ಬರೀ ಅಕ್ಷರ. ಕಂಪನಿ ಬಾಗಿಲು ತೆರೆದಿರುವಾಗಲೇ ತಿದ್ದಿಸಿ. ಬಿಟ್ಟ ದಿನಾಂಕ ಕಂಪನಿ ಹಾಕದಿದ್ದರೆ ಕೊನೆಯ ಜಮೆಯಾಗಿ ಎರಡು ತಿಂಗಳ ನಂತರ ನೀವೇ ಹಾಕಬಹುದು. ನಾಮಿನಿಯನ್ನೂ ಈಗಲೇ ನೋಡಿ. ಮದುವೆಗೆ ಮೊದಲು ಬರೆದ ನಾಮಿನಿಯನ್ನೇ ಇಟ್ಟುಕೊಂಡವರು ಬಹಳ.

ಮನೆ ನಡೆಯುವುದೇ ಕಷ್ಟವಾದರೆ ಪಿಎಫ್‌ನ ಒಂದು ಭಾಗ ತೆಗೆಯಿರಿ, ಪೂರ್ತಿ ಬೇಡ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ ನಿಯಮ ಬದಲಿಸುವ ತೀರ್ಮಾನ ಮಾಡಿತು. ಕೆಲಸ ಹೋದರೆ ಶೇ 75 ಕೂಡಲೇ, ಉಳಿದ ಶೇ 25 ಹನ್ನೆರಡು ತಿಂಗಳ ನಂತರ. 55 ದಾಟಿ ನಿವೃತ್ತರಾದವರಿಗೆ ಪೂರ್ತಿ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಏನು ತೋರಿಸುತ್ತದೆ ಅನ್ನುವುದನ್ನೇ ನಂಬಿ. ಬಿಟ್ಟಿಟ್ಟ ಹಣಕ್ಕೆ ಬಡ್ಡಿ ಬರುತ್ತದೆ, ಆದರೆ ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ.

ಅರ್ಜಿ ಸಿಕ್ಕಿಹಾಕಿಕೊಂಡರೆ ಏಜೆಂಟ್‌ಗೆ ದುಡ್ಡು ಕೊಡಬೇಡಿ. ತಿಂಗಳಿಗೊಮ್ಮೆ, ಸಾಮಾನ್ಯವಾಗಿ 27ಕ್ಕೆ, ಜಿಲ್ಲೆಗಳಲ್ಲಿ ಪಿಎಫ್ ಇಲಾಖೆಯ "ನಿಧಿ ಆಪ್ಕೆ ನಿಕಟ್" ಶಿಬಿರ ನಡೆಯುತ್ತದೆ. ಫೈಲ್ ಹಿಡಿದು ಅಲ್ಲಿಗೆ ಹೋಗಿ.

ಹಂತ 6: ಮೂರು ತಿಂಗಳು ಖರ್ಚು ಬರೆಯಿರಿ, ಜೊತೆಗೆ ಕೆಲಸ ಹುಡುಕಿ

ನಿವೃತ್ತಿಯ ಮಾತು ಈ ಮೂರು ತಿಂಗಳು ಬೇಡ. ಒಂದು ನೋಟ್‌ಬುಕ್‌ನಲ್ಲಿ ದಿನದ ಖರ್ಚು ಬರೆಯಿರಿ. ಹಾಲು, ಗ್ಯಾಸ್, ಔಷಧಿ, ಇಎಂಐ, ಮದುವೆ ಮನೆಯ ಮುಯ್ಯಿ, ಊರಿನ ಹಬ್ಬಕ್ಕೆ ಹೋಗಿಬರುವ ಬಸ್ ಚಾರ್ಜ್, ಎಲ್ಲ. ಅಂದಾಜಿಗೂ ನಿಜಕ್ಕೂ ಎಷ್ಟು ಅಂತರ ಅನ್ನುವುದು ಆಗ ಗೊತ್ತಾಗುತ್ತದೆ.

ಕೆಲಸ ಹುಡುಕುವಾಗ ಹಳೆಯ ಸಹೋದ್ಯೋಗಿಗಳಿಗೆ, ವ್ಯವಹಾರ ಮಾಡಿದ ಸಪ್ಲೈಯರ್‌ಗಳಿಗೆ ಮೊದಲು ಫೋನ್ ಮಾಡಿ. ಈ ವಯಸ್ಸಿನಲ್ಲಿ ಕೆಲಸ ಸಿಗುವುದು ಜಾಸ್ತಿ ಪರಿಚಯದಿಂದಲೇ. ಮೊದಲೇ ದುಡ್ಡು ಕಟ್ಟಿ ಅನ್ನುವ ಯಾವ ಪ್ಲೇಸ್‌ಮೆಂಟ್‌ನವರನ್ನೂ ನಂಬಬೇಡಿ. "ಕನ್ಸಲ್ಟೆಂಟ್ ಆಗಿ ಬನ್ನಿ" ಅಂದರೆ ಅಲ್ಲಿ ಪಿಎಫ್, ಗ್ರಾಚ್ಯುಟಿ, ರಜೆ ಇರುವುದಿಲ್ಲ. ಹಳೆಯ ಸಂಬಳಕ್ಕೇ ಒಪ್ಪಿದರೆ ನಿಮಗೆ ನಷ್ಟ.

ಪಿಎಫ್ ಹಣದಲ್ಲಿ ದರ್ಶಿನಿ ಹೋಟೆಲ್ ಹಾಕುವುದು, ಸೈಟಿನ ಮೇಲೆ ಬಾಡಿಗೆ ಮನೆ ಕಟ್ಟಿಸುವುದು, ಮಗನ ವ್ಯಾಪಾರಕ್ಕೆ ಹಾಕುವುದು, ಇವು ಈ ಮೂರು ತಿಂಗಳಲ್ಲಿ ಖಂಡಿತ ಬೇಡ.

ಹಂತ 7: ನಿವೃತ್ತಿಯ ಲೆಕ್ಕ

ಈಗ ನೋಟ್‌ಬುಕ್ ತೆಗೆಯಿರಿ. ತಿಂಗಳ ಖರ್ಚು 40,000 ಅಂದುಕೊಳ್ಳಿ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ಅದೇ ಬದುಕಿಗೆ 80,000 ಬೇಕು. ನಿಮಗೀಗ 55 ಆಗಿದ್ದರೆ 67ಕ್ಕೆ. ಮುಂದೆ ಇನ್ನೂ ಇಪ್ಪತ್ತು ವರ್ಷ ಇರಬಹುದು, ಅಲ್ವಾ?

ಇನ್ನೊಂದು ಕಡೆ ಬರುವುದನ್ನು ಬರೆಯಿರಿ: ಪಿಂಚಣಿ, ಬಾಡಿಗೆ, ಬಡ್ಡಿ, ಸಂಗಾತಿಯ ಸಂಬಳ. ಮಕ್ಕಳು ಕೊಡಬಹುದಾದ್ದನ್ನು ಬರೆಯಬೇಡಿ. ಕೊಟ್ಟರೆ ಸಂತೋಷ, ಲೆಕ್ಕಕ್ಕೆ ಬೇಡ. ಮನೆ ಸಾಲ ಉಳಿದಿದ್ದರೆ, ಮಗಳ ಓದು ಮುಗಿದಿಲ್ಲದಿದ್ದರೆ, ವಿಮೆ ಇಲ್ಲದಿದ್ದರೆ ನಿವೃತ್ತಿಗೆ ಇನ್ನೂ ಹೊತ್ತಾಗಿಲ್ಲ. ಸಂಬಳ ಅರ್ಧವಾದರೂ ಇನ್ನೊಂದು ಕೆಲಸ ಹಿಡಿಯಿರಿ. ನಾಲ್ಕು ವರ್ಷ ಅರ್ಧ ಸಂಬಳ ಬಂದರೂ ಗಂಟು ಕರಗದೆ ಉಳಿಯುತ್ತದೆ. ಅದು ದೊಡ್ಡ ಉಳಿತಾಯ.

ಪಿಂಚಣಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಪಿಎಫ್ ಪಿಂಚಣಿ 58ಕ್ಕೆ. 50 ಆದ ಮೇಲೆ ಮುಂಚೆಯೂ ತೆಗೆದುಕೊಳ್ಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಜೀವನಪೂರ್ತಿ. 60ರವರೆಗೆ ತಡೆದರೆ ವರ್ಷಕ್ಕೆ ಶೇ 4 ಹೆಚ್ಚು. ಲೆಕ್ಕದ ಸೂತ್ರ: ಪಿಂಚಣಿ ಸಂಬಳ (ಪಿಂಚಣಿ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ) ಗುಣಿಸು ಸೇವೆಯ ವರ್ಷ, ಭಾಗಿಸು 70. ಸಾಮಾನ್ಯವಾಗಿ ಪಿಂಚಣಿ ಸಂಬಳದ ಮಿತಿ 15,000. 20 ವರ್ಷ ದಾಟಿದವರಿಗೆ ಎರಡು ವರ್ಷ ಹೆಚ್ಚುವರಿ ಸೇರುತ್ತದೆ. 25 ವರ್ಷ ಸೇವೆ ಇದ್ದರೆ 58ಕ್ಕೆ ಹೆಚ್ಚೆಂದರೆ 5,785 ರೂಪಾಯಿ. 2014ರ ಸೆಪ್ಟೆಂಬರ್‌ಗೆ ಮೊದಲಿನ ಸೇವೆಗೆ ಹಳೆಯ 6,500ರ ಮಿತಿ ಇರುವುದರಿಂದ ಕೈಗೆ ಬರುವುದು ಇನ್ನೂ ಕಡಿಮೆ.

ಹೋಲಿಕೆಗೆ ಇದೇ ಅಂಕಿ ಇಟ್ಟುಕೊಳ್ಳೋಣ. 54ಕ್ಕೇ ಶುರುಮಾಡಿದರೆ ಸುಮಾರು 4,900. ನಾಲ್ಕು ವರ್ಷದಲ್ಲಿ 2 ಲಕ್ಷ 35 ಸಾವಿರ ಮುಂಚೆಯೇ ಬರುತ್ತದೆ. ಆಮೇಲೆ ತಿಂಗಳಿಗೆ 900 ಹತ್ತಿರ ಕಡಿಮೆ. ಆ ಕೊರತೆ ಮುಂಚೆ ಬಂದ ಹಣವನ್ನು ಮೀರಲು ಸುಮಾರು 80ರ ವಯಸ್ಸಾಗಬೇಕು. ಹಾಗಾಗಿ ಬೇಗ ತೆಗೆದುಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಪಿಂಚಣಿ ಶುರುವಾದ ಮೇಲೆ ಮತ್ತೆ ಕೆಲಸ ಸಿಕ್ಕರೆ ಆ ವರ್ಷಗಳು ಇದಕ್ಕೆ ಸೇರುವುದಿಲ್ಲ. ಇನ್ನು ಸಂಬಳದ ಕೆಲಸಕ್ಕೆ ಹೋಗುವುದೇ ಇಲ್ಲ ಅಂತ ಖಚಿತವಾದವರು, ಆರೋಗ್ಯ ಕೈಕೊಟ್ಟವರು ತೆಗೆದುಕೊಳ್ಳಲಿ. ಕೆಲಸ ಹುಡುಕುತ್ತಿರುವವರು ತಡೆಯಲಿ.

ಹಂತ 8: ಲೆಕ್ಕ ಸರಿಹೋದರೆ, ಹಣ ಇಡುವ ಕ್ರಮ

ಮೊದಲು ಒಂದು ವರ್ಷದ ಖರ್ಚು ಬ್ಯಾಂಕ್‌ನಲ್ಲಿ, ಯಾವಾಗ ಬೇಕಾದರೂ ತೆಗೆಯುವಂತೆ. ಆಮೇಲೆ ಜಾಸ್ತಿ ಬಡ್ಡಿಯ ಸಾಲ ತೀರಿಸಿ. ಅದಾದ ಮೇಲೆ ಅಂಚೆ ಕಚೇರಿ ಅಥವಾ ಬ್ಯಾಂಕ್‌ನ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಇದು 60 ಆದವರಿಗೆ. 55 ದಾಟಿ ನಿವೃತ್ತರಾದವರೂ ಸೇರಬಹುದು, ಆದರೆ ನಿವೃತ್ತಿಯ ಹಣ ಕೈಗೆ ಬಂದು ಮೂರು ತಿಂಗಳೊಳಗೆ, ಆ ಹಣದ ಮೊತ್ತದವರೆಗೆ. ಹಂತ 4ರಲ್ಲಿ ಕೇಳಿಟ್ಟುಕೊಂಡ ಪ್ರಮಾಣಪತ್ರ ಬೇಕಾಗುವುದು ಇಲ್ಲೇ. ಮಿತಿ 30 ಲಕ್ಷ. ಶೇ 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಸೇರುವ ದಿನದ ದರ ಐದು ವರ್ಷ ಬದಲಾಗುವುದಿಲ್ಲ, ಬಡ್ಡಿಗೆ ಮಾತ್ರ ತೆರಿಗೆ ಇದೆ. 55ರಿಂದ 60ರ ನಡುವಿನವರು ಈ ಮೂರು ತಿಂಗಳನ್ನು ಕಳೆದುಕೊಳ್ಳುವುದು ಬಹಳ ಸಾಮಾನ್ಯ. ಹಣ ಜಮೆಯಾದ ದಿನವನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಹಣ ಬಂದ ವಾರವೇ ಬ್ಯಾಂಕ್‌ನಿಂದ ಯಾರೋ ಫೋನ್ ಮಾಡಿ "ಸರ್, ಒಳ್ಳೆಯ ಪ್ಲಾನ್ ಇದೆ" ಅನ್ನುತ್ತಾರೆ. ವರ್ಷವರ್ಷ ಕಂತು ಕಟ್ಟುವ ಯಾವ ವಿಮಾ ಪಾಲಿಸಿಯೂ ಸಂಬಳ ನಿಂತವರಿಗೆ ಬೇಡ. ಗೊತ್ತಾಗದೆ ತೆಗೆದುಕೊಂಡಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಕೊಡಬಹುದು.

ಕೊನೆಗೆ ಫಾರ್ಮ್ 10ಡಿ, ಅದು ಪಿಂಚಣಿ ಅರ್ಜಿ. ಪಿಂಚಣಿ ಶುರುವಾದ ಮೇಲೆ ಪ್ರತಿ ವರ್ಷ ಜೀವನ ಪ್ರಮಾಣಪತ್ರ ಕೊಡಬೇಕು. ಪಿಎಫ್ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಬೆರಳಚ್ಚು ಹತ್ತದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ನಿಮ್ಮ ಹುಟ್ಟಿದ ತಿಂಗಳನ್ನೇ ಅದಕ್ಕೆ ಇಟ್ಟುಕೊಳ್ಳಿ, ಮರೆಯುವುದಿಲ್ಲ.